ಜೊಳ್ಳು ಮೇಲೆ, ಕಾಳು ತಳಕ್ಕೆ: ವೀರ್ಯಾಣು ಆಯ್ಕೆಯ ಲ್ಯಾಬ್ ಕೆಲಸ, ಕೊಡಗಿನ ದಂಪತಿಗಳಿಗಾಗಿ ಹಂತ ಹಂತವಾಗಿ

“ಬಿಲ್ಲಲ್ಲಿ ಸ್ಪರ್ಮ್ ವಾಶ್ ಅಂತ ಬರೆದಿದೆಯಲ್ಲ ಸಾರ್, ತೊಳೆಯೋದು ಅಂದ್ರೆ ಎಂಥದ್ದು? ಸೋಪು ಹಾಕ್ತೀರಾ?”

ಸುಂಟಿಕೊಪ್ಪ ಕಡೆಯ ಕಾಫಿ ಬೆಳೆಗಾರರೊಬ್ಬರು ಕೇಳಿದ್ದು. ಹೆಂಡತಿ ಮುಖ ಅತ್ತ ತಿರುಗಿಸಿ ನಕ್ಕರು. ನನಗೂ ನಗು ಬಂತು, ಆದರೆ ಪ್ರಶ್ನೆ ಸರಿಯಾಗಿಯೇ ಇತ್ತು. ದುಡ್ಡು ಕೊಡುವವರಿಗೆ ಬಾಗಿಲ ಆಚೆ ಏನು ನಡೆಯುತ್ತದೆ ಎಂದು ಯಾರೂ ಹೇಳಿರುವುದಿಲ್ಲ. ನನ್ನ ಊರು ಸೋಮವಾರಪೇಟೆ ಪಕ್ಕ, ಕೆಲಸ ಮೈಸೂರಿನ ಒಂದು ಲ್ಯಾಬಿನಲ್ಲಿ. ಅವತ್ತು ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯುತ್ತಿದ್ದೇನೆ.

ನಮ್ಮ ಕಡೆ ಬಿತ್ತನೆ ಬತ್ತವನ್ನು ಉಪ್ಪುನೀರಿಗೆ ಹಾಕುವುದನ್ನು ನೀವು ನೋಡಿರಬಹುದು. ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಬೆರೆಸಿ ಬತ್ತ ಸುರಿದರೆ ಜೊಳ್ಳು ಮೇಲೆ ಬರುತ್ತದೆ, ಗಟ್ಟಿಕಾಳು ತಳ ಸೇರುತ್ತದೆ. ತಳದ್ದನ್ನು ಒಳ್ಳೆಯ ನೀರಲ್ಲಿ ತೊಳೆದು ಸಸಿಮಡಿಗೆ ಹಾಕುತ್ತಾರೆ. ಲ್ಯಾಬಿನಲ್ಲಿ ಹೆಚ್ಚಿನ ದಿನ ನಾವು ಮಾಡುವುದು ಇದನ್ನೇ. ಈ ಹೋಲಿಕೆಯಲ್ಲಿ ಇನ್ನೊಂದು ಮಾತೂ ಇದೆ. ಉಪ್ಪುನೀರು ಕಾಳನ್ನು ಆರಿಸುತ್ತದೆ, ಕಾಳನ್ನು ಮಾಡುವುದಿಲ್ಲ. ಮೂಟೆಯಲ್ಲಿ ಇಲ್ಲದ್ದು ತಳಕ್ಕೆ ಬರುವುದಿಲ್ಲ. ಯಾವ ಹೊಸ ಯಂತ್ರದ ಹೆಸರು ಕೇಳಿದರೂ ಇದೊಂದು ನೆನಪಿರಲಿ.

ತೊಳೆಯುವುದು ಯಾಕೆ

ವೀರ್ಯ ಬೇರೆ, ವೀರ್ಯಾಣು ಬೇರೆ. ಡಬ್ಬಿಯಲ್ಲಿ ಕಾಣುವ ದ್ರವದ ಬಹುಪಾಲು ವೀರ್ಯಕೋಶ ಮತ್ತು ಪ್ರಾಸ್ಟೇಟ್ ಗ್ರಂಥಿಗಳಿಂದ ಬಂದದ್ದು. ಅದರಲ್ಲಿ ಸತ್ತ ಜೀವಕೋಶ, ಬಿಳಿ ರಕ್ತಕಣ, ಬ್ಯಾಕ್ಟೀರಿಯಾ, ಪ್ರಾಸ್ಟಗ್ಲಾಂಡಿನ್ ಎನ್ನುವ ರಾಸಾಯನಿಕ ಎಲ್ಲವೂ ಇರುತ್ತವೆ. ಸಹಜವಾಗಿ ಸೇರಿದಾಗ ಗರ್ಭಕಂಠದ ಲೋಳೆ ಇದನ್ನೆಲ್ಲ ಹೊರಗೇ ತಡೆದು, ಈಜಬಲ್ಲ ವೀರ್ಯಾಣುಗಳನ್ನು ಮಾತ್ರ ಒಳಗೆ ಬಿಡುತ್ತದೆ. ಐಯುಐ ಮಾಡುವಾಗ ನಾವು ಸಣ್ಣ ನಳಿಕೆಯಿಂದ ನೇರವಾಗಿ ಗರ್ಭಕೋಶಕ್ಕೆ ಹಾಕುತ್ತೇವೆ, ಲೋಳೆಯ ಕಾವಲು ತಪ್ಪುತ್ತದೆ. ತೊಳೆಯದೆ ಹಾಗೇ ಹಾಕಿದರೆ ಪ್ರಾಸ್ಟಗ್ಲಾಂಡಿನ್‌ನಿಂದ ಗರ್ಭಕೋಶ ಹಿಂಡಿದಂತೆ ನೋಯುತ್ತದೆ, ಸೋಂಕಿನ ಭಯವೂ ಇದೆ. ಅಂಡಾಣುವನ್ನು ಹೊರತೆಗೆದು ಲ್ಯಾಬಿನಲ್ಲಿ ವೀರ್ಯಾಣುಗಳ ಜತೆ ಬಿಡುವ ಐವಿಎಫ್‌ಗಾದರೂ, ಒಂದೇ ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಹಾಕುವ ಇಕ್ಸಿಗಾದರೂ ಇಷ್ಟೇ: ಕಾವಲುಗಾರನ ಕೆಲಸ ಲ್ಯಾಬಿನ ಮೇಲೆ ಬೀಳುತ್ತದೆ.

ಹಂತ 1: ಮೂರು ತಿಂಗಳ ಮೊದಲು

ಇದು ಲ್ಯಾಬಿನ ಕೆಲಸವಲ್ಲ, ಆದರೆ ಲ್ಯಾಬಿನ ಫಲಿತಾಂಶ ಅರ್ಧಕ್ಕರ್ಧ ಇಲ್ಲೇ ನಿರ್ಧಾರವಾಗುತ್ತದೆ. ವೃಷಣದಲ್ಲಿ ಒಂದು ವೀರ್ಯಾಣು ತಯಾರಾಗಲು ಸುಮಾರು 74 ದಿನ ಬೇಕು, ಆಮೇಲೆ ಹೊರಬರುವ ಕೊಳವೆಯಲ್ಲಿ ಹಣ್ಣಾಗಲು ಒಂದೆರಡು ವಾರ. ಅಂದರೆ ಅಕ್ಟೋಬರಿನ ಕಾವೇರಿ ಸಂಕ್ರಮಣದ ಹೊತ್ತಿಗೆ ಕೊಡುವ ಸ್ಯಾಂಪಲ್ ಶುರುವಾದದ್ದು ಜುಲೈನ ಕಕ್ಕಡದ ಮಳೆಯಲ್ಲಿ. ಆ ನಡುವೆ ಡೆಂಗಿ ಜ್ವರ ಬಂದು ಹೋಗಿದ್ದರೆ ಎಣಿಕೆ ಬಿದ್ದಿರುತ್ತದೆ. ಅದನ್ನು ಡಾಕ್ಟರಿಗೆ ಹೇಳಿ, ಇಲ್ಲದಿದ್ದರೆ ಒಂದೇ ವರದಿ ನೋಡಿ ಇಲ್ಲದ ಕಾಯಿಲೆ ಹುಡುಕುತ್ತ ಕೂರಬೇಕಾಗುತ್ತದೆ.

ವೃಷಣಕ್ಕೆ ಮೈಗಿಂತ ಎರಡು ಮೂರು ಡಿಗ್ರಿ ಕಡಿಮೆ ಬಿಸಿ ಬೇಕು. ನಮ್ಮಲ್ಲಿ ಮಳೆಗಾಲದ ಸಂಜೆ ಹಂಡೆಯ ಬಿಸಿನೀರು ಸುಖವೇ. ಆದರೆ ಟಬ್ಬಿನಲ್ಲಿ ಗಂಟೆಗಟ್ಟಲೆ ಕೂರುವುದು ಬೇಡ. ತಂಬಾಕು, ಮಿತಿ ಮೀರಿದ ಕುಡಿತ ಹಳೆಯ ಮಾತುಗಳು, ನಿಜವೂ ಹೌದು. ಮದುವೆ, ತಿಥಿ, ನಾಮಕರಣ ಎಲ್ಲಕ್ಕೂ ಬಾಟಲಿ ಬಿಚ್ಚುವ ನಾಡಿನಲ್ಲಿ ಮೂರು ತಿಂಗಳು ‘ಇವತ್ತು ಬೇಡ’ ಎನ್ನುವುದು ಕಷ್ಟ ಎಂದು ನನಗೂ ಗೊತ್ತು.

ಜಿಮ್ಮಿಗೆ ಹೋಗುವ ಹುಡುಗರಿಗೆ ಒಂದು ಮಾತು. ಮೈ ಕಟ್ಟಲು ಹಾಕಿಸಿಕೊಳ್ಳುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಿಬಿಡುತ್ತದೆ. ಹೊರಗಿನಿಂದ ಹಾರ್ಮೋನು ಬಂದರೆ ಮಿದುಳು ವೃಷಣಕ್ಕೆ ಕೊಡುವ ಆಜ್ಞೆ ನಿಲ್ಲುತ್ತದೆ. ಎಣಿಕೆ ಸೊನ್ನೆಯಾಗಿ ಬಂದವರನ್ನು ನಾನು ನೋಡಿದ್ದೇನೆ. ಬಿಟ್ಟರೆ ಹೆಚ್ಚಿನವರಿಗೆ ಮರಳಿ ಬರುತ್ತದೆ, ಆದರೆ ತಿಂಗಳುಗಟ್ಟಲೆ ಕಾಯಬೇಕು.

ತೋಟದಲ್ಲಿ ಔಷಧಿ ಹೊಡೆಯುವವರೂ ಎಚ್ಚರವಾಗಿರಬೇಕು. 1977ರಲ್ಲಿ ಕ್ಯಾಲಿಫೋರ್ನಿಯಾದ ಒಂದು ಕಾರ್ಖಾನೆಯಲ್ಲಿ ಡಿಬಿಸಿಪಿ ಎನ್ನುವ ಜಂತುಹುಳು ನಾಶಕ ತಯಾರಿಸುತ್ತಿದ್ದ ಗಂಡಸರು ತಮತಮಗೆ ಮಕ್ಕಳಾಗದ ಕತೆ ಮಾತಾಡಿಕೊಂಡಾಗಲೇ ಕೀಟನಾಶಕಕ್ಕೂ ವೀರ್ಯಾಣುವಿಗೂ ಇರುವ ನಂಟು ಜಗತ್ತಿಗೆ ಗೊತ್ತಾದದ್ದು. ಆ ಔಷಧಿ ಈಗ ನಮ್ಮ ತೋಟದಲ್ಲಿಲ್ಲ. ಆದರೂ ಕಾಂಡಕೊರಕಕ್ಕೆ ಗಿಡಕ್ಕೆ ಹೊಡೆಯುವಾಗ ಕೈಗವಸು, ಮಾಸ್ಕು ಇಲ್ಲದೆ ನಿಲ್ಲಬೇಡಿ. ಚಿಕಿತ್ಸೆಯ ತಿಂಗಳುಗಳಲ್ಲಿ ಆ ಕೆಲಸ ಬೇರೆಯವರಿಗೆ ವಹಿಸಿ ಎಂದು ಬರೆಯೋಣ ಅಂದುಕೊಂಡೆ. ಆ ‘ಬೇರೆಯವರಿಗೂ’ ಮನೆ ಸಂಸಾರ ಇದೆಯಲ್ಲ. ಎಲ್ಲರಿಗೂ ಕೈಗವಸು ಕೊಡಿಸಿ.

ಹಂತ 2: ಸ್ಯಾಂಪಲ್ ಕೊಡುವ ದಿನ

ಎರಡರಿಂದ ಏಳು ದಿನದ ಸಂಯಮ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕೈಪಿಡಿ ಹೇಳುತ್ತದೆ. ‘ಕೂಡಿಟ್ಟಷ್ಟೂ ಒಳ್ಳೆಯದು’ ಎಂದು ಹದಿನೈದು ದಿನ ಬಿಟ್ಟು ಬರುವವರಿದ್ದಾರೆ. ಎಣಿಕೆ ಏನೋ ಏರುತ್ತದೆ, ಆದರೆ ಕೊಳವೆಯಲ್ಲಿ ಹಳಸಿದ ವೀರ್ಯಾಣುಗಳ ಚಲನೆ ಕುಗ್ಗಿರುತ್ತದೆ, ಡಿಎನ್ಎ ಮುರಿದಿರುವ ಸಂಭವ ಹೆಚ್ಚು. ನನ್ನನ್ನು ಕೇಳಿದರೆ ಎರಡು ಮೂರು ದಿನ ಸಾಕು.

ಇಲ್ಲಿ ಕೊಡಗಿನವರಿಗೆ ನಿಜವಾದ ತೊಡಕು ದೂರ. ಸ್ಯಾಂಪಲ್ ಒಂದು ಗಂಟೆಯೊಳಗೆ ಲ್ಯಾಬಿನಲ್ಲಿರಬೇಕು. ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್. ಮಂಗಳೂರಿಗೆ ಹೋಗುವುದಾದರೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟಿನಲ್ಲಿ ಜೋಡುಪಾಲದ ಬಳಿ ಗುಡ್ಡ ಕುಸಿದು ಆ ದಾರಿಯೇ ಮುಚ್ಚಿಹೋಗಿದ್ದನ್ನು ನಾವ್ಯಾರೂ ಮರೆತಿಲ್ಲ. ಆದ್ದರಿಂದ ಮನೆಯಲ್ಲಿ ತೆಗೆದು ತರುವ ಯೋಚನೆ ಬಿಡಿ. ಹಿಂದಿನ ದಿನವೇ ಬಂದು ಊರಲ್ಲಿ ಉಳಿದುಕೊಳ್ಳಿ. ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ಮಂಜಿನಲ್ಲಿ ತಿತಿಮತಿ ಕಾಡು ದಾಟಿ, ಆನೆ ಅಡ್ಡ ಬಂದು, ಲೇಟಾಯಿತೆಂದು ಹೆಂಡತಿಯ ಹತ್ತಿರ ಬೈಸಿಕೊಂಡು ಬಂದ ಗಂಡಸಿಗೆ ‘ಈ ಕೋಣೆಗೆ ಹೋಗಿ’ ಎಂದರೆ ಆಗುವುದಾದರೂ ಹೇಗೆ?

ಒಂದು ಡಿಸೆಂಬರಿನಲ್ಲಿ ಮೈಸೂರಿನ ನೆಂಟರ ಮನೆಯಲ್ಲಿ ಉಳಿದಿದ್ದ ಒಬ್ಬರು ಅಲ್ಲೇ ಸ್ಯಾಂಪಲ್ ತೆಗೆದು, ಲಸಿಕೆ ತರುವ ಹಾಗೆ ಫ್ಲಾಸ್ಕಿಗೆ ಐಸು ತುಂಬಿಸಿ ತಂದರು. ಬಹಳ ಶ್ರದ್ಧೆಯಿಂದಲೇ ತಂದಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಲುಗಾಟವೇ ಇಲ್ಲ. ವೀರ್ಯಾಣುವಿಗೆ 20 ಡಿಗ್ರಿಗಿಂತ ಕೆಳಗಿನ ಚಳಿ ಆಗುವುದಿಲ್ಲ, 37ರ ಮೇಲಿನ ಬಿಸಿಯೂ ಆಗುವುದಿಲ್ಲ. ಹತ್ತಿರದಿಂದ ತರುವುದೇ ಆದರೆ ಡಬ್ಬಿಯನ್ನು ಶರ್ಟಿನ ಒಳಗೆ ಮೈಗೆ ತಾಗುವಂತೆ ಇಟ್ಟುಕೊಂಡು ಬನ್ನಿ, ಅಷ್ಟೇ.

ಡಬ್ಬಿ ಲ್ಯಾಬೇ ಕೊಟ್ಟದ್ದಾಗಿರಬೇಕು. ಎಣ್ಣೆ, ಕ್ರೀಮು, ಎಂಜಲು ಯಾವುದೂ ಬೇಡ, ಎಲ್ಲವೂ ವೀರ್ಯಾಣುವಿಗೆ ವಿಷ. ಅಂಗಡಿಯ ಕಾಂಡೋಮ್ ಕೂಡ ಬೇಡ. ಬೇಕೇ ಬೇಕೆಂದರೆ ಇದಕ್ಕೆಂದೇ ಇರುವ ವಿಷರಹಿತ ಕಾಂಡೋಮ್ ಕೇಳಿ. ಮೊದಲ ಹನಿಗಳಲ್ಲೇ ಅತಿ ಹೆಚ್ಚು ವೀರ್ಯಾಣು ಇರುವುದು. ಅದು ಹೊರಗೆ ಬಿದ್ದರೆ ನಾಚಿಕೊಂಡು ಸುಮ್ಮನಿರಬೇಡಿ, ಹೇಳಿ. ನಾವು ಫಾರಂನಲ್ಲಿ ಬರೆದುಕೊಳ್ಳುತ್ತೇವೆ, ಯಾರೂ ನಗುವುದಿಲ್ಲ.

ಒತ್ತಡದಲ್ಲಿ ಆ ದಿನ ಆಗುವುದೇ ಇಲ್ಲ ಎನ್ನುವ ಅನುಮಾನ ಇದ್ದರೆ ಮೊದಲೇ ಒಂದು ಸ್ಯಾಂಪಲ್ ಕೊಟ್ಟು ಫ್ರೀಜ್ ಮಾಡಿಸಿಡಿ. ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿ ಅದು ವರ್ಷಗಟ್ಟಲೆ ಇರುತ್ತದೆ. ಕರಗಿಸುವಾಗ ಸುಮಾರು ಅರ್ಧದಷ್ಟು ಚಲನೆ ನಷ್ಟವಾಗಬಹುದು, ಆದರೂ ಅಂಡಾಣು ತೆಗೆದ ದಿನ ಕೈ ಖಾಲಿ ಇರುವುದಕ್ಕಿಂತ ವಾಸಿ.

ಹಂತ 3: ಹೆಸರು

ಲ್ಯಾಬಿನಲ್ಲಿ ನನಗೆ ಅತಿ ಹೆಚ್ಚು ಭಯ ಹುಟ್ಟಿಸುವ ಕೆಲಸ ಟ್ಯೂಬುಗಳನ್ನು ಗರಗರ ತಿರುಗಿಸುವ ಸೆಂಟ್ರಿಫ್ಯೂಜ್ ಯಂತ್ರದ್ದಲ್ಲ, ಲೇಬಲ್. ಒಂದು ಬೆಳಗ್ಗೆ ಇಬ್ಬರು ಪೊನ್ನಪ್ಪಂದಿರು ಒಟ್ಟಿಗೆ ಕೂತಿದ್ದರು, ಇಬ್ಬರೂ ವಿರಾಜಪೇಟೆ ಕಡೆಯವರು. ಮನೆತನದ ಹೆಸರನ್ನು ಒಂದಕ್ಷರಕ್ಕೆ ಇಳಿಸಿ ಬರೆದರೆ ಇಬ್ಬರೂ ಒಬ್ಬರೇ ಆಗಿಬಿಡುತ್ತಾರೆ. ಆದ್ದರಿಂದ ಗಂಡ ಹೆಂಡತಿ ಇಬ್ಬರ ಪೂರ್ತಿ ಹೆಸರು, ಹುಟ್ಟಿದ ದಿನ, ಆಸ್ಪತ್ರೆಯ ನಂಬರ್ ಮೂರೂ ಡಬ್ಬಿಯ ಮೈಮೇಲೆ ಇರಬೇಕು. ಮುಚ್ಚಳದ ಮೇಲಲ್ಲ, ಮುಚ್ಚಳ ಬದಲಾಗುತ್ತದೆ. ಕೊಡುವಾಗ ನೀವೇ ಓದಿ ನೋಡಿ. ಒಂದು ಟ್ಯೂಬಿನಿಂದ ಇನ್ನೊಂದಕ್ಕೆ ಹಾಕುವಾಗೆಲ್ಲ ಎರಡನೆಯವರೊಬ್ಬರು ನೋಡಿ ಸಹಿ ಹಾಕುವ ಪದ್ಧತಿ ಇದೆಯೇ ಎಂದು ಕೇಳಿ. ಕೇಳಿದರೆ ಸಿಟ್ಟಾಗುವ ಲ್ಯಾಬ್ ನಿಮಗೆ ಬೇಡ.

ಹಂತ 4: ಕರಗುವುದು, ಎಣಿಸುವುದು

ಬಂದ ಸ್ಯಾಂಪಲ್ ಮೊದಲು ಗಂಜಿಯ ಹಾಗೆ ಗಟ್ಟಿಯಾಗಿರುತ್ತದೆ. 37 ಡಿಗ್ರಿಯಲ್ಲಿ ಇಟ್ಟರೆ ಹದಿನೈದು ಮೂವತ್ತು ನಿಮಿಷದಲ್ಲಿ ತೆಳ್ಳಗಾಗುತ್ತದೆ. ಆಮೇಲೆ ಒಂದು ಹನಿಯನ್ನು ಎಣಿಕೆಯ ಗಾಜಿನ ಮೇಲಿಟ್ಟು ನೋಡುತ್ತೇವೆ.

ವರದಿಯ ಅಂಕಿಗಳು ಜನರನ್ನು ವಿನಾಕಾರಣ ಹೆದರಿಸುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಆರನೇ ಆವೃತ್ತಿಯ ಪ್ರಕಾರ ಕೆಳಮಿತಿ ಹೀಗಿದೆ: ಪ್ರಮಾಣ 1.4 ಮಿಲಿಲೀಟರ್, ಒಂದು ಮಿಲಿಲೀಟರಿಗೆ 1.6 ಕೋಟಿ, ಒಟ್ಟು 3.9 ಕೋಟಿ, ಚಲಿಸುವವು ಶೇಕಡಾ 42, ಮುಂದಕ್ಕೆ ಸಾಗುವವು ಒಟ್ಟಿನಲ್ಲಿ ಶೇಕಡಾ 30, ಸರಿಯಾದ ಆಕಾರದವು (ವರದಿಯಲ್ಲಿ ‘ಮಾರ್ಫಾಲಜಿ’) ಶೇಕಡಾ 4. ಹೌದು, ನಾಲ್ಕು. ಮಕ್ಕಳಾದ ಗಂಡಸರಲ್ಲೂ ಬಹುಪಾಲು ಓರೆಕೋರೆಯವೇ. ‘ಮಾರ್ಫಾಲಜಿ 4 ಅಷ್ಟೇ ಇದೆ’ ಎಂದು ಊಟ ಬಿಟ್ಟವರನ್ನು ನೋಡಿದ್ದೇನೆ. ಈ ಗೆರೆಯ ಕೆಳಗಿದ್ದರೆ ಮಕ್ಕಳಾಗುವುದಿಲ್ಲ ಎಂದಲ್ಲ, ಮೇಲಿದ್ದರೆ ಆಗಿಯೇ ಆಗುತ್ತದೆ ಎಂದೂ ಅಲ್ಲ. ಒಂದೇ ವರದಿಯ ಮೇಲೆ ತೀರ್ಮಾನವೂ ಬೇಡ, ಕೆಲವು ವಾರ ಬಿಟ್ಟು ಇನ್ನೊಂದು ಮಾಡಿಸಿ.

ಈ ಎಣಿಕೆಯೇ ಮುಂದಿನ ದಾರಿ ತೋರಿಸುತ್ತದೆ. ಎಣಿಕೆ, ಚಲನೆ ಚೆನ್ನಾಗಿದ್ದರೆ ಸ್ವಿಮ್ ಅಪ್ ಸಾಕು, ಅಂದರೆ ತಾವೇ ಈಜಿ ಮೇಲೆ ಬಂದವನ್ನು ಎತ್ತಿಕೊಳ್ಳುವುದು. ಕಡಿಮೆ ಇದ್ದರೆ, ಕಸ ಹೆಚ್ಚಿದ್ದರೆ ಗ್ರೇಡಿಯೆಂಟ್, ಅಂದರೆ ದ್ರಾವಣದ ಪದರಗಳಲ್ಲಿ ತಿರುಗಿಸಿ ಸೋಸುವುದು. ಬೆರಳೆಣಿಕೆಯಷ್ಟೇ ಇದ್ದರೆ ಬರೇ ಒಂದು ಸಲ ತೊಳೆದು ಇಕ್ಸಿಗೆ ಇಟ್ಟುಕೊಳ್ಳುವುದು, ಏಕೆಂದರೆ ಸೋಸಿದಷ್ಟೂ ಕಳೆದುಹೋಗುತ್ತದೆ.

ಹಂತ 5: ಗ್ರೇಡಿಯೆಂಟ್, ಅಂದರೆ ನಮ್ಮ ಉಪ್ಪುನೀರು

ಕೆಳಗೆ ಚೂಪಾದ ಟ್ಯೂಬು. ಅದರ ತಳಕ್ಕೆ ಶೇಕಡಾ 80ರ ದ್ರಾವಣ ಒಂದು ಮಿಲಿಲೀಟರ್. ಉಪ್ಪಿನ ಬದಲು ಇದರಲ್ಲಿರುವುದು ಸಿಲಿಕಾದ ಅತಿ ಸಣ್ಣ ಕಣಗಳು, ವೀರ್ಯಾಣುವಿಗೆ ತಾಗದಂತೆ ಸಿಲೇನ್ ಲೇಪನ ಹಚ್ಚಿದವು. ಅದರ ಮೇಲೆ ಶೇಕಡಾ 40ರ ದ್ರಾವಣ ಇನ್ನೊಂದು ಮಿಲಿಲೀಟರ್, ಟ್ಯೂಬಿನ ಗೋಡೆಗೆ ಪಿಪೆಟ್ ತಾಗಿಸಿ ಹನಿಹನಿಯಾಗಿ. ಅವಸರ ಮಾಡಿದರೆ ಎರಡೂ ಬೆರೆತು ಕೆಲಸ ಕೆಟ್ಟಿತು. ಸರಿಯಾಗಿ ಬಿದ್ದರೆ ನಡುವೆ ಕೂದಲೆಳೆಯಂಥ ಗೆರೆ ಕಾಣುತ್ತದೆ. ಕಲಿಯಲು ಬಂದವರಿಗೆ ನಾನು ಮೊದಲ ವಾರ ಈ ಗೆರೆ ಕೂರಿಸುವುದನ್ನು ಬಿಟ್ಟು ಬೇರೇನೂ ಕೊಡುವುದಿಲ್ಲ. ಗೆರೆಯ ಮೇಲೆ ಒಂದು ಮಿಲಿಲೀಟರ್ ವೀರ್ಯ.

ಇದನ್ನು 300ರಿಂದ 400 ಜಿ ವೇಗದಲ್ಲಿ 15ರಿಂದ 30 ನಿಮಿಷ ಸೆಂಟ್ರಿಫ್ಯೂಜಿನಲ್ಲಿ ತಿರುಗಿಸುತ್ತೇವೆ. ಇಲ್ಲಿ ಜಿ ಎಂದರೆ ಗುರುತ್ವದ ಎಷ್ಟು ಪಟ್ಟು ಎಂಬ ಲೆಕ್ಕ. ನಿಮಿಷಕ್ಕೆ ಎಷ್ಟು ಸುತ್ತು ಎಂಬ ಲೆಕ್ಕ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ. ಒಂದು ಕಡೆ ಕಲಿತ ಸುತ್ತಿನ ಸಂಖ್ಯೆಯನ್ನು ಇನ್ನೊಂದು ಯಂತ್ರಕ್ಕೆ ಹಾಗೇ ಹಾಕಿ ಸ್ಯಾಂಪಲ್ ಹಾಳು ಮಾಡಿದ ಹೊಸಬರಿದ್ದಾರೆ.

ತಿರುಗುವಾಗ ಆಗುವುದಿಷ್ಟು. ಬೆಳೆದ ವೀರ್ಯಾಣುವಿನ ತಲೆಯಲ್ಲಿ ಡಿಎನ್ಎ ಬಿಗಿಯಾಗಿ ಸುತ್ತಿಕೊಂಡಿರುತ್ತದೆ, ಹಾಗಾಗಿ ಅದರ ಸಾಂದ್ರತೆ ಹೆಚ್ಚು. ಅದು ಎರಡು ಪದರವನ್ನೂ ದಾಟಿ ತಳ ಸೇರುತ್ತದೆ. ಎಳಸು, ಸತ್ತವು, ಬಿಳಿ ರಕ್ತಕಣ ಎಲ್ಲವೂ ಮೇಲಿನ ಗೆರೆಗಳಲ್ಲೇ ತೇಲಿ ನಿಲ್ಲುತ್ತವೆ. ನಿಲ್ಲಿಸಿ ನೋಡಿದರೆ ಮೇಲೆ ಮಸುಕು ಪಟ್ಟಿ, ತಳದಲ್ಲಿ ಸಾಸಿವೆಯಷ್ಟು ಬಿಳಿ ಗಸಿ. ಕೆಲವೊಮ್ಮೆ ಆ ಗಸಿ ಕಣ್ಣಿಗೇ ಕಾಣುವುದಿಲ್ಲ, ಆದರೂ ಅಲ್ಲಿರುತ್ತದೆ. ಮೇಲಿನದ್ದನ್ನು ಮೇಲಿನಿಂದಲೇ ತೆಗೆದು, ಹೊಸ ಪಿಪೆಟ್ಟಿನಿಂದ ಗಸಿಯನ್ನು ಎತ್ತಿ, ಹೊಸ ಟ್ಯೂಬಿಗೆ ಹಾಕಬೇಕು. ಅದೇ ಪಿಪೆಟ್ ಬಳಸಿದರೆ ಜೊಳ್ಳನ್ನು ಮತ್ತೆ ಕಾಳಿಗೆ ಬೆರೆಸಿದ ಹಾಗೆ.

ಆಮೇಲೆ ನಿಜವಾದ ‘ವಾಶ್’. ಐದು ಮಿಲಿಲೀಟರ್ ಪೋಷಕ ದ್ರಾವಣ ಹಾಕಿ 200 ಜಿ ವೇಗದಲ್ಲಿ ನಾಲ್ಕರಿಂದ ಹತ್ತು ನಿಮಿಷ, ಹಾಗೆ ಎರಡು ಸಲ. ಸಿಲಿಕಾ ಹೋಗಬೇಕು. ಕೊನೆಗೆ ಅರ್ಧ ಮಿಲಿಲೀಟರಿನಷ್ಟು ದ್ರಾವಣದಲ್ಲಿ ಉಳಿದದ್ದನ್ನು ಮತ್ತೆ ಎಣಿಸುತ್ತೇವೆ. ಐಯುಐಗಾದರೆ ಈ ಎರಡನೇ ಎಣಿಕೆಯೇ ಮುಖ್ಯ. ಸಾಮಾನ್ಯವಾಗಿ ಐವತ್ತು ಲಕ್ಷಕ್ಕಿಂತ ಹೆಚ್ಚು ಚುರುಕಾದವು ಸಿಕ್ಕರೆ ನೆಮ್ಮದಿ. ಹತ್ತು ಲಕ್ಷಕ್ಕಿಂತ ಕಡಿಮೆಯಾದರೆ ಐಯುಐಯನ್ನೇ ಮತ್ತೆ ಮತ್ತೆ ಮಾಡಿಸುವುದರಲ್ಲಿ ಅರ್ಥ ಕಡಿಮೆ.

ಸೆಂಟ್ರಿಫ್ಯೂಜಿಗೆ ಒಂದು ದೋಷವಿದೆ. ಒತ್ತಿ ತಿರುಗಿಸುವಾಗ, ವಿಶೇಷವಾಗಿ ಬಿಳಿ ರಕ್ತಕಣಗಳು ಪಕ್ಕದಲ್ಲಿದ್ದರೆ, ಆಮ್ಲಜನಕದ ಉಗ್ರ ಅಣುಗಳು ಹುಟ್ಟಿ ವೀರ್ಯಾಣುವಿನ ಡಿಎನ್ಎಗೆ ಪೆಟ್ಟು ಕೊಡುತ್ತವೆ. ಅದಕ್ಕೇ ವೇಗ ಮತ್ತು ಹೊತ್ತು ಎರಡನ್ನೂ ಬೇಕಾದಷ್ಟಕ್ಕೇ ಮಿತಿಗೊಳಿಸುವುದು.

ಹಂತ 6: ಸ್ವಿಮ್ ಅಪ್

ಮುಂಗಾರಿನ ಮೊದಲ ಮಳೆಗೆ ತೋಡಿನ ಮೀನು ನೀರಿಗೆ ಎದುರಾಗಿ ಗದ್ದೆಗೆ ಹತ್ತುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಗಟ್ಟಿಮುಟ್ಟಾದವು ಮಾತ್ರ ಹತ್ತುತ್ತವೆ.

ಟ್ಯೂಬಿನಲ್ಲಿ ವೀರ್ಯ ಕೆಳಗೆ, ಅದರ ಮೇಲೆ ಮೆಲ್ಲಗೆ ಪೋಷಕ ದ್ರಾವಣ. ಟ್ಯೂಬನ್ನು 45 ಡಿಗ್ರಿ ಓರೆಯಾಗಿ ಇಡುತ್ತೇವೆ, ಹಾಗಿಟ್ಟರೆ ಎರಡೂ ತಾಗುವ ಜಾಗ ಅಗಲವಾಗುತ್ತದೆ. 37 ಡಿಗ್ರಿಯ ಇನ್ಕ್ಯುಬೇಟರಿನಲ್ಲಿ ಒಂದು ಗಂಟೆ. ಈಜಬಲ್ಲವು ಮೇಲಕ್ಕೆ ಬರುತ್ತವೆ, ಮೇಲಿನ ಭಾಗವನ್ನಷ್ಟೇ ಎತ್ತಿಕೊಂಡು ಒಂದು ಸಲ ತೊಳೆಯುವುದು. ಸಿಗುವುದು ಬಹಳ ಸ್ವಚ್ಛ, ಆದರೆ ಸ್ವಲ್ಪ. ಚಲಿಸುವ ವೀರ್ಯಾಣುಗಳಲ್ಲಿ ಐದನೇ ಒಂದು ಭಾಗಕ್ಕಿಂತ ಕಡಿಮೆ ಕೈಗೆ ಬರುತ್ತದೆ. ಗ್ರೇಡಿಯೆಂಟಿನಲ್ಲಿ ಅದಕ್ಕಿಂತ ಹೆಚ್ಚು. ಹಾಗಾಗಿ ಮೊದಲೇ ಎಣಿಕೆ ಕಡಿಮೆ ಇದ್ದವರಿಗೆ ಇದು ಹೊಂದುವುದಿಲ್ಲ. ಗಂಡನಿಗೆ ಎಚ್‌ಐವಿ ಇದ್ದು ಹೆಂಡತಿಗೆ ಇಲ್ಲದಾಗ ಗ್ರೇಡಿಯೆಂಟ್ ಮಾಡಿ, ಅದರ ಗಸಿಗೆ ಮತ್ತೆ ಸ್ವಿಮ್ ಅಪ್ ಮಾಡಿ, ವೈರಸ್ ಇಲ್ಲವೆಂದು ಪರೀಕ್ಷಿಸಿಯೇ ಬಳಸುವ ಕ್ರಮವೂ ಇದೆ.

ಹಂತ 7: ಚಿಪ್

ಮೈಕ್ರೋಫ್ಲೂಯಿಡಿಕ್ ಚಿಪ್ ಎನ್ನುವುದು ಅಂಗೈಯಗಲದ ಪ್ಲಾಸ್ಟಿಕ್ ಸಾಧನ. ಒಂದು ಬಗೆಯದ್ದರಲ್ಲಿ ಕೆಳಗೆ ವೀರ್ಯ, ನಡುವೆ ಅತಿ ಸೂಕ್ಷ್ಮ ರಂಧ್ರಗಳ ಪೊರೆ, ಮೇಲೆ ದ್ರಾವಣ. ಅರ್ಧ ಗಂಟೆಯಲ್ಲಿ ಪೊರೆ ದಾಟಿ ಬಂದವನ್ನು ಎತ್ತಿಕೊಳ್ಳುವುದು, ಸೆಂಟ್ರಿಫ್ಯೂಜಿನ ಗೊಡವೆ ಇಲ್ಲ. ಹೀಗೆ ಆರಿಸಿದವುಗಳಲ್ಲಿ ಡಿಎನ್ಎ ಮುರಿತ ಕಡಿಮೆ ಇರುವುದು ಪರೀಕ್ಷೆಗಳಲ್ಲಿ ಕಂಡಿದೆ. ಆದರೆ ಡಿಎನ್ಎ ಮುರಿತ ಕಡಿಮೆಯಾಗುವುದು ಬೇರೆ, ತೊಟ್ಟಿಲು ತೂಗುವುದು ಬೇರೆ. ಮಗು ಕೈಗೆ ಬರುವ ಪ್ರಮಾಣ ಇದರಿಂದ ಎಲ್ಲರಿಗೂ ಏರುತ್ತದೆ ಎನ್ನುವಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ. ಡಿಎನ್ಎ ಮುರಿತ ಹೆಚ್ಚಿದ್ದು, ಹಿಂದೆ ಐವಿಎಫ್ ಕೈಕೊಟ್ಟಿದ್ದರೆ ಡಾಕ್ಟರ ಜತೆ ಮಾತಾಡಿ ನೋಡಬಹುದು. ಮೊದಲ ಸಲವೇ ಬಿಲ್ಲಿಗೆ ಸೇರಿಸಿದ್ದರೆ ಯಾಕೆಂದು ಕೇಳಿ.

ಹಂತ 8: ಸೂಜಿಯ ಮುಂದೆ ಆಯ್ಕೆ

ಐವಿಎಫ್‌ನಲ್ಲಿ ಅಂಡಾಣುವಿನ ಸುತ್ತ ವೀರ್ಯಾಣುಗಳನ್ನು ಬಿಟ್ಟರೆ ಆಯಿತು, ಒಳಹೋಗುವುದು ಯಾವುದೆಂದು ಅವೇ ತೀರ್ಮಾನಿಸುತ್ತವೆ. ಇಕ್ಸಿಯಲ್ಲಿ ಆ ತೀರ್ಮಾನ ಮನುಷ್ಯನದು. 1992ರಲ್ಲಿ ಬೆಲ್ಜಿಯಮ್ಮಿನ ಬ್ರಸೆಲ್ಸ್‌ನ ತಂಡ ಇದನ್ನು ಜಗತ್ತಿಗೆ ತಿಳಿಸಿತು. ತೊಳೆದ ವೀರ್ಯಾಣುಗಳನ್ನು ಪಿವಿಪಿ ಎನ್ನುವ ಅಂಟು ದ್ರಾವಣದ ಹನಿಗೆ ಬಿಟ್ಟರೆ ಜೇನಿನಲ್ಲಿ ಬಿದ್ದ ಇರುವೆಯಂತೆ ನಿಧಾನವಾಗುತ್ತವೆ. 200ರಿಂದ 400 ಪಟ್ಟು ದೊಡ್ಡದಾಗಿ ಕಾಣುವ ಸೂಕ್ಷ್ಮದರ್ಶಕದಲ್ಲಿ ನೋಡಿ, ತಲೆ ಮೊಟ್ಟೆಯಾಕಾರ, ಕತ್ತು ನೇರ, ಬಾಲ ಒಂದೇ, ಓಟ ಸರಾಗ ಇರುವುದನ್ನು ಆರಿಸಿ, ಬಾಲವನ್ನು ಸೂಜಿಯಿಂದ ಒತ್ತಿ ನಿಲ್ಲಿಸಿ, ಅಂಡಾಣುವಿನೊಳಗೆ ಬಿಡುವುದು. ಒಂದು ಅಂಡಾಣುವಿಗೆ ಒಂದು. ಹೊರಗಿನಿಂದ ಚಂದ ಕಂಡದ್ದರ ಒಳಗಿನ ಡಿಎನ್ಎ ಹೇಗಿದೆಯೋ ಕಣ್ಣಿಗೆ ಕಾಣದು. ಈ ಕೊರತೆ ತುಂಬಲು ಹುಟ್ಟಿಕೊಂಡವೇ ಮುಂದಿನ ತಂತ್ರಗಳು.

ಇಮ್ಸಿ ಎಂದರೆ ಆರು ಸಾವಿರ ಪಟ್ಟು ಹಿಗ್ಗಿಸಿ, ತಲೆಯಲ್ಲಿ ಗುಳಿಗಳಿಲ್ಲದ್ದನ್ನು ಆರಿಸುವುದು. ಹೊತ್ತು ಹಿಡಿಯುತ್ತದೆ, ಯಂತ್ರ ದುಬಾರಿ, ಲಾಭ ಸ್ಪಷ್ಟವಾಗಿಲ್ಲ.

ಮ್ಯಾಕ್ಸ್ ಸ್ವಲ್ಪ ಜಾಣ ಉಪಾಯ. ಸಾಯಲು ಹೊರಟ ಜೀವಕೋಶ ತನ್ನ ಪೊರೆಯ ಒಳಮೈಯ ಒಂದು ಬಗೆಯ ಕೊಬ್ಬನ್ನು ಹೊರಮೈಗೆ ತಿರುಗಿಸುತ್ತದೆ. ಆ ಕೊಬ್ಬಿಗೆ ಅಂಟುವ ಅನೆಕ್ಸಿನ್ ಎಂಬ ಪ್ರೋಟೀನಿಗೆ ಕಾಂತದ ಸಣ್ಣ ಮಣಿ ಕಟ್ಟಿ ಬಿಟ್ಟರೆ, ಸಾಯುವಂಥವು ಕಾಂತಕ್ಕೆ ಅಂಟಿಕೊಂಡು ಉಳಿಯುತ್ತವೆ, ಮಿಕ್ಕವು ಹರಿದು ಬರುತ್ತವೆ.

ಪಿಕ್ಸಿಯಲ್ಲಿ ಹಯಲುರೊನನ್ ಲೇಪಿಸಿದ ತಟ್ಟೆ ಬಳಸುತ್ತಾರೆ. ಅಂಡಾಣುವಿನ ಸುತ್ತಲಿನ ಪದರದಲ್ಲಿರುವ ವಸ್ತುವೇ ಇದು. ಹಣ್ಣಾದ ವೀರ್ಯಾಣು ಇದಕ್ಕೆ ತಲೆ ಅಂಟಿಸಿಕೊಂಡು ಬಾಲ ಆಡಿಸುತ್ತ ನಿಲ್ಲುತ್ತದೆ. ಈ ತಂತ್ರದ ಬಗ್ಗೆ ಒಂದು ದೊಡ್ಡ ಪ್ರಯೋಗ ನಡೆದಿದೆ. ಬ್ರಿಟನ್ನಿನಲ್ಲಿ 2,700ಕ್ಕೂ ಹೆಚ್ಚು ದಂಪತಿಗಳ ಮೇಲೆ ನಡೆದ ಅಧ್ಯಯನ 2019ರಲ್ಲಿ ದಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಮಗು ಹುಟ್ಟಿದ ಪ್ರಮಾಣ ಪಿಕ್ಸಿಯಲ್ಲಿ ಶೇಕಡಾ 27.4, ಸಾದಾ ಇಕ್ಸಿಯಲ್ಲಿ 25.2. ಸಂಖ್ಯಾಶಾಸ್ತ್ರದ ಕಣ್ಣಿಗೆ ಇದು ವ್ಯತ್ಯಾಸವೇ ಅಲ್ಲ. ಗರ್ಭಪಾತ ಮಾತ್ರ ಸುಮಾರು ಏಳರಿಂದ ನಾಲ್ಕಕ್ಕೆ ಇಳಿದಿತ್ತು. ಹಾಗಾಗಿ ಪದೇ ಪದೇ ಗರ್ಭ ನಿಲ್ಲದವರು ಇದರ ಬಗ್ಗೆ ಕೇಳುವುದರಲ್ಲಿ ತಪ್ಪಿಲ್ಲ. ಆದರೆ ‘ಪಿಕ್ಸಿ ಮಾಡಿಸಿದರೆ ಮಗು ಗ್ಯಾರಂಟಿ’ ಎಂದವರ ಹತ್ತಿರ ಈ ಅಂಕಿ ಹೇಳಿ ನೋಡಿ.

ಯುರೋಪಿನ ಸಂತಾನ ವೈದ್ಯರ ಸಂಘ ಎಶ್ರೆ 2023ರಲ್ಲಿ ಇಂಥ ಹೆಚ್ಚುವರಿ ತಂತ್ರಗಳನ್ನೆಲ್ಲ ತೂಗಿ ನೋಡಿ, ಇವನ್ನು ಎಲ್ಲರಿಗೂ ದಿನನಿತ್ಯದಂತೆ ಬಳಸಲು ಶಿಫಾರಸು ಮಾಡಲಿಲ್ಲ. ನಾನು ಇದೇ ಕೆಲಸದಲ್ಲಿ ಅನ್ನ ತಿನ್ನುವವನು, ಆದರೂ ಅವರ ಮಾತು ಸರಿ ಎಂದೇ ನನಗನಿಸುತ್ತದೆ. ತೋಟ ಅಡವಿಟ್ಟು ಬರುವವರಿಗೆ, ಒಂದು ಚಿಪ್ಪಿಗೂ ಇನ್ನೊಂದು ಸೈಕಲ್ಲಿಗೂ (ಅಂದರೆ ಚಿಕಿತ್ಸೆಯ ಮತ್ತೊಂದು ಸುತ್ತಿಗೂ) ನಡುವೆ ಆಯ್ಕೆ ಇದ್ದರೆ, ದುಡ್ಡನ್ನು ಸೈಕಲ್ಲಿಗೆ ಉಳಿಸಿಕೊಳ್ಳಿ ಎನ್ನುತ್ತೇನೆ.

ಹಂತ 9: ಯಾವುದೂ ಅಲುಗದಿದ್ದರೆ, ಏನೂ ಸಿಗದಿದ್ದರೆ

ಅಲುಗದ್ದೆಲ್ಲ ಸತ್ತದ್ದಲ್ಲ. ಹುಟ್ಟಿನಿಂದಲೇ ಬಾಲದ ರಚನೆ ಕೆಟ್ಟಿರುವವರಲ್ಲಿ ವೀರ್ಯಾಣು ಜೀವಂತವಾಗಿಯೇ ಇರುತ್ತದೆ, ಈಜಲಾರದು ಅಷ್ಟೇ. ಅದನ್ನು ಸಪ್ಪೆ ದ್ರಾವಣಕ್ಕೆ ಹಾಕಿದರೆ ಜೀವ ಇರುವುದರ ಪೊರೆ ನೀರೆಳೆದುಕೊಂಡು ಬಾಲ ಸುರುಳಿಯಾಗುತ್ತದೆ, ಸತ್ತದ್ದು ಹಾಗೇ ಉಳಿಯುತ್ತದೆ. ಆ ಸುರುಳಿ ನೋಡಿ ಇಕ್ಸಿಗೆ ಆರಿಸುತ್ತೇವೆ. ನೋಡಲು ಸರಳ, ಆದರೆ ಇಡೀ ಲ್ಯಾಬಿನಲ್ಲಿ ನನಗೆ ಅತಿ ಖುಷಿ ಕೊಡುವ ಪರೀಕ್ಷೆ ಇದು.

ವೀರ್ಯದಲ್ಲಿ ಒಂದೂ ಇಲ್ಲದಿದ್ದರೆ ವೃಷಣದಿಂದಲೇ ತೆಗೆಯಬಹುದು. ದಾರಿ ಮುಚ್ಚಿದ್ದರಿಂದ ಬಾರದವರಿಗೆ ಸೂಜಿಯಿಂದ ಸುಲಭವಾಗಿ ಸಿಗುತ್ತದೆ. ಉತ್ಪಾದನೆಯೇ ಕುಂದಿದವರಿಗೆ ಸೂಕ್ಷ್ಮದರ್ಶಕದಡಿ ಶಸ್ತ್ರಚಿಕಿತ್ಸೆ ಮಾಡಿ ಅಂಗಾಂಶದ ಚೂರುಗಳನ್ನು ಬಿಡಿಸಿ ಗಂಟೆಗಟ್ಟಲೆ ಹುಡುಕಬೇಕು. ಸಿಗದೆಯೂ ಇರಬಹುದು. ಆ ಮಾತನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಗಂಡ ಹೆಂಡತಿ ಇಬ್ಬರೂ ಕೂತು ಡಾಕ್ಟರ ಬಾಯಲ್ಲಿ ಕೇಳಿಸಿಕೊಳ್ಳಿ.

ಸಹಿ ಹಾಕುವ ಮೊದಲು

ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ ಕಾಯ್ದೆ, 2021 ಎಂಬುದು 2022ರ ಜನವರಿ 25ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಕ್ಲಿನಿಕ್ಕಿಗೆ ನೋಂದಣಿ ಬೇಕು. ಒಂದನೇ ಹಂತದ ನೋಂದಣಿ ಇದ್ದಲ್ಲಿ ಐಯುಐ ಮಾತ್ರ. ಐವಿಎಫ್, ಇಕ್ಸಿಗೆ ಎರಡನೇ ಹಂತದ್ದು ಬೇಕು. ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55 ವಯಸ್ಸಿನ ಮಿತಿ ಇದೆ. ದಾನಿಯ ವೀರ್ಯ ಬಳಸುವುದಾದರೆ ನೋಂದಾಯಿತ ಬ್ಯಾಂಕಿನಿಂದಲೇ ಬರಬೇಕು, ನಿಮ್ಮಿಬ್ಬರ ಲಿಖಿತ ಒಪ್ಪಿಗೆಯೂ ಬೇಕು.

ಇನ್ನೊಂದು. ‘ಗಂಡುಮಗುವಿನ ವೀರ್ಯಾಣು ಮಾತ್ರ ಬೇರೆ ಮಾಡಿ ಕೊಡ್ತೀರಾ’ ಎಂದು ಕೇಳುವ ಅತ್ತೆಯಂದಿರು ಇದ್ದಾರೆ, ವಿದ್ಯಾವಂತರೂ ಇದ್ದಾರೆ. ಗರ್ಭಧಾರಣೆಗೆ ಮೊದಲು ಲಿಂಗ ಆರಿಸುವುದೂ ಅಪರಾಧವೇ. ಮೇಲೆ ಹೇಳಿದ ಯಾವ ವಿಧಾನಕ್ಕೂ ಆ ಉದ್ದೇಶವಿಲ್ಲ. ಮಾಡಿಕೊಡುತ್ತೇವೆ ಎಂದವರ ಬಾಗಿಲಿಂದ ಹಿಂದೆ ಬನ್ನಿ.

ಹೆಂಡತಿಯ ವಯಸ್ಸಿನ ವಿಷಯವನ್ನೂ ಮರೆಯಬೇಡಿ. ಎಷ್ಟೇ ಚೆನ್ನಾಗಿ ವೀರ್ಯಾಣು ಆರಿಸಿದರೂ ಫಲಿತಾಂಶವನ್ನು ಹೆಚ್ಚು ನಿರ್ಧರಿಸುವುದು ಅಂಡಾಣುವಿನ ವಯಸ್ಸು. ‘ಈ ಸಲದ ಕೊಯ್ಲು ಮುಗಿಯಲಿ, ಮುಂದಿನ ಹೂಮಳೆ ಆಗಲಿ’ ಎಂದು ಮೂವತ್ತೈದು ದಾಟಿದವರು ಮುಂದೂಡುತ್ತ ಹೋದರೆ ಲ್ಯಾಬಿನವರ ಕೈಯಲ್ಲಿ ಏನೂ ಇರುವುದಿಲ್ಲ. ಕಾಫಿಯನ್ನು ಯಾರಾದರೂ ಕೊಯ್ಯುತ್ತಾರೆ.

ಕೆಲಸ ಮುಗಿದ ದಿನ ಲ್ಯಾಬಿನ ಹಾಳೆಯ ಒಂದು ಪ್ರತಿ ಕೇಳಿ ಪಡೆಯಿರಿ. ಅದರಲ್ಲಿ ತೊಳೆಯುವ ಮೊದಲಿನ ಎಣಿಕೆ, ತೊಳೆದ ಮೇಲಿನ ಎಣಿಕೆ, ಬಳಸಿದ ವಿಧಾನ, ಸಂಯಮದ ದಿನಗಳು ಇರಬೇಕು. ಬೇರೆ ಡಾಕ್ಟರ ಹತ್ತಿರ ಹೋದರೆ ಅವರು ಮೊದಲು ಕೇಳುವುದು ಇದನ್ನೇ. ನಮ್ಮ ಮಳೆಗಾಲದಲ್ಲಿ ಬೀರುವಿನೊಳಗಿನ ಕಾಗದಕ್ಕೂ ಬೂಷ್ಟು ಹಿಡಿಯುತ್ತದೆ, ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಗಂಡನ ಮೊಬೈಲಿನಲ್ಲಿ ಒಂದು, ಹೆಂಡತಿಯದರಲ್ಲಿ ಒಂದು.